ಮಾವನ ಕಥೆ ಕಲಿಸಿದ ಖಳನಾಯಕ

ಅರ್ಜೆಂಟೀನಾ ಗಡಿಯ ಪಾಯ್ಸಂದು ಊರಿನ ಕಟುಕ ಅನ್ಸೆಲ್ಮೊ ಒಂದು ಕಾಲದಲ್ಲಿ ಎದೆಲ್ಮಿರೊ ತೆಚೆರಾನಿಗೆ ಒಳ್ಳೆಯ ಮಾಂಸ ಕೊಡುತ್ತಿರಲಿಲ್ಲ. ಬಂದವರಿಗೆಲ್ಲ ಎಳೆಯ ಪಕ್ಕೆಲುಬು ಕಡಿದುಕೊಟ್ಟು, ಇವನ ಸರದಿ ಬಂದಾಗ ಮೂಳೆ ಚರ್ಬಿ ಸುತ್ತಿ ಮುಂದಕ್ಕೆ ತಳ್ಳುತ್ತಿದ್ದ. ಯಾಕಪ್ಪಾ ಹೀಗೆ ಎಂದರೆ, "ಆ ತಬ್ಬಲಿ ಹುಡುಗಿ ಮನೆ ಕಿತ್ಕೊಂಡ್ಯಲ್ಲ, ಅಲ್ಲೇ ಹೋಗಿ ಉಣ್ಣು" ಎಂದು ಮುಖ ತಿರುಗಿಸುತ್ತಿದ್ದ.

ಎದೆಲ್ಮಿರೊ ಯಾರ ಮನೆಯನ್ನೂ ಕಿತ್ತುಕೊಂಡವನಲ್ಲ. ಆಗ ಅವನಿಗೆ ಇಪ್ಪತ್ತೆರಡು ವರ್ಷ, ಬಟ್ಟೆ ಹೊಲಿಯುವ ವಿಧವೆಯೊಬ್ಬಳ ಹಿತ್ತಲಿನ ಬಾಡಿಗೆ ಕೋಣೆಯಲ್ಲಿ ವಾಸ. ಮನೆ ಕಿತ್ತುಕೊಂಡವನು ನಿಕಾನೊರ್. ಊರಿನ ರೇಡಿಯೊದಲ್ಲಿ ದಿನಾ ಸಂಜೆ ಐದಕ್ಕೆ ಬರುತ್ತಿದ್ದ 'ಲಾಸ್ ತಾಲಾಸ್‌ನ ತಬ್ಬಲಿ' ಎಂಬ ಧಾರಾವಾಹಿಯ ಖಳ ಅವನು. ತಂದೆ ಸತ್ತ ಹುಡುಗಿಯ ಹುಲ್ಲುಗಾವಲನ್ನೂ ದನಗಳನ್ನೂ ನಯವಾಗಿ ಮಾತಾಡಿ ಲಪಟಾಯಿಸುವ ಕಾರುಭಾರಿ. ಆ ನಿಕಾನೊರ್‌ಗೆ ದನಿ ಕೊಟ್ಟದ್ದು ಎದೆಲ್ಮಿರೊ. ಅರವತ್ತರ ದಶಕದ ಆ ಸಂಜೆಗಳಲ್ಲಿ ಐದು ಹೊಡೆಯಿತೆಂದರೆ ಬೀದಿಯಲ್ಲಿ ನಾಯಿಗಳನ್ನು ಬಿಟ್ಟು ಯಾರೂ ಕಾಣುತ್ತಿರಲಿಲ್ಲ. ತೆರೆದ ಕಿಟಕಿಗಳಿಂದ ಅದೇ ನಾಟಕ ಮನೆಯಿಂದ ಮನೆಗೆ ಕೇಳುತ್ತ, ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಹೋದವನಿಗೆ ಒಂದು ಮಾತೂ ತಪ್ಪುತ್ತಿರಲಿಲ್ಲ.

ನಾಟಕ ನಡೆಯುತ್ತಿದ್ದದ್ದು ರೇಡಿಯೊ ಕಟ್ಟಡದ ಎರಡನೇ ಮಹಡಿಯಲ್ಲಿ, ಗೋಣಿಚೀಲ ಹೊಡೆದ ಗೋಡೆಗಳ ನಡುವೆ, ಮೂರೇ ಮೈಕುಗಳ ಮುಂದೆ. ತಬ್ಬಲಿ ಹುಡುಗಿಯ ಪಾತ್ರ ಸುಲ್ಮಾ ಬೆಂತಾನ್ಕೊರ್ ಎಂಬವಳದು. ನಿಜಜೀವನದಲ್ಲಿ ಅವಳು ತಬ್ಬಲಿಯಲ್ಲ, ಐದು ಜನ ಅಣ್ಣಂದಿರ ತಂಗಿ, ಬಾಯಿ ಜೋರು. ಮೈಕಿನ ಮುಂದೆ ಕಣ್ಣೀರಿಟ್ಟು, ಕೆಂಪು ದೀಪ ಆರಿದ ಕ್ಷಣವೇ "ಲೋ ಪಾಪಿ, ಬೆಳ್ಳುಳ್ಳಿ ತಿಂದು ಬಂದಿದ್ದೀಯಲ್ಲೋ, ನಿನ್ನ ಎದುರು ನಿಂತು ಹೆಂಗೋ ಅಳ್ಲಿ?" ಎಂದು ಬೈಯುತ್ತಿದ್ದಳು. ಮೂಲೆಯಲ್ಲಿ ಮೇಜಿನ ಮೇಲೆ ಬಗ್ಗಿಕೊಂಡು ಎರಡು ತೆಂಗಿನ ಚಿಪ್ಪುಗಳನ್ನು ಮರಳಿನ ತಟ್ಟೆಗೆ ಬಡಿಯುತ್ತ ಕುದುರೆ ಓಡಿಸುತ್ತಿದ್ದವಳು ನೆಲಿ. ನಾಟಕದ ಸದ್ದುಗಳೆಲ್ಲ ಅವಳವೇ: ತಗಡು ಅಲುಗಿಸಿ ಗುಡುಗು, ಮಿಠಾಯಿ ಕಾಗದ ಮುದುರಿ ಬೆಂಕಿ. ಮೂರು ವರ್ಷ ಅವಳ ಕುದುರೆಯ ಮೇಲೆ ಸವಾರಿ ಮಾಡಿದ ಎದೆಲ್ಮಿರೊ ನಾಲ್ಕನೆಯ ವರ್ಷ ಅವಳನ್ನು ಮದುವೆಯಾದ.

ತಂಡದ ಒಡೆಯ, ನಿರ್ದೇಶಕ, ಬರೆಯುವವನು ಎಲ್ಲವೂ ದೋನ್ ಬಾಸಿಲಿಯೊ; 'ದೋನ್' ಎಂದರೆ ಆ ಕಡೆ ಯಜಮಾನರೇ ಎಂದ ಹಾಗೆ. ಮೊದಲ ದಿನ ಎದೆಲ್ಮಿರೊ ಖಳನಿಗೆ ತಕ್ಕಂತೆ ಗಂಟಲು ಬಿರಿಯುವ ಹಾಗೆ ಅಬ್ಬರಿಸಿದ್ದ. ದೋನ್ ಬಾಸಿಲಿಯೊ ಕಾಗದ ಕೆಳಗಿಟ್ಟು ಕನ್ನಡಕ ತೆಗೆದ.

"ಯಾಕೋ ಮಗನೇ ಕೂಗ್ತೀಯ? ಬೊಗಳೋ ನಾಯಿ ಕಂಡ್ರೆ ಜನ ಕಲ್ಲು ತಗೋತಾರೆ. ನೋಡು, ಈ ನಾಟಕದಲ್ಲಿ ಎಲ್ಲರೂ ತಂತಮ್ಮ ಗೋಳೇ ಹೇಳ್ಕೋತಾರೆ. ಪಾದ್ರಿ ಹೇಳ್ತಾನೆ, ಚಿಕ್ಕಮ್ಮ ಹೇಳ್ತಾಳೆ, ಅವಳನ್ನ ಪ್ರೀತಿಸೋ ಪೆದ್ದನೂ ಹೇಳ್ತಾನೆ. ಆ ಹುಡುಗಿ ಗೋಳು ಕೂತ್ಕೊಂಡು ಕೇಳೋನು ನೀನೊಬ್ಬನೇ. ಅದಕ್ಕೇ ಅವಳು ನಿನ್ನ ಹತ್ರ ಬರ್ತಾಳೆ. ನಡಿ, ಮೊದಲಿಂದ ಓದು, ಮೆತ್ತಗೆ."

ಆ ದಿನದಿಂದ ಎದೆಲ್ಮಿರೊ ಮೆತ್ತಗೆ ಮಾತಾಡಿದ, ಊರು ಅವನನ್ನು ದ್ವೇಷಿಸಿತು. ಬೇಸಿಗೆಯಲ್ಲಿ ತಂಡ ರೈಲಿನಲ್ಲಿ, ಲಾರಿಯಲ್ಲಿ ಸುತ್ತಲಿನ ಹಳ್ಳಿಗಳಿಗೆ ಹೋಗಿ ಅದೇ ನಾಟಕವನ್ನು ರಂಗದ ಮೇಲೆ ಆಡುತ್ತಿತ್ತು. ಒಂದು ಹಳ್ಳಿಯಲ್ಲಿ ಮುದುಕಿಯೊಬ್ಬಳು ವೇದಿಕೆಯನ್ನೇ ಹತ್ತಿ ಬಂದು ಕೊಡೆಯಿಂದ ಅವನ ಬೆನ್ನಿಗೆ ನಾಲ್ಕು ಬಾರಿಸಿದ್ದಳು. ಇನ್ನೊಂದು ಕಡೆ ಅವನು ಹಿಂದಿನ ಬಾಗಿಲಿಂದ ಓಡಿಹೋಗುವಾಗ ಕಿತ್ತಳೆಹಣ್ಣುಗಳ ಮಳೆ ಸುರಿದಿತ್ತು. ನೆಲಿ ಸೆರಗೊಡ್ಡಿದ ಹಾಗೆ ತನ್ನ ಲಂಗದ ಅಂಚು ಹಿಡಿದು ಆ ಹಣ್ಣುಗಳನ್ನೆಲ್ಲ ಆಯ್ದುಕೊಂಡಿದ್ದಳು. ದಾರಿಯುದ್ದಕ್ಕೂ ಇಡೀ ತಂಡ ಹಣ್ಣು ತಿಂದಿತ್ತು.

ಆಮೇಲೆ ಟೀವಿ ಬಂತು. ದೋನ್ ಬಾಸಿಲಿಯೊ ಹೋದ, ಗೋಣಿಚೀಲದ ಕೋಣೆಗೆ ಬೀಗ ಬಿತ್ತು. ಎದೆಲ್ಮಿರೊ ಉಣ್ಣೆ ಗಿರಣಿಯ ದಾಸ್ತಾನು ಕೋಣೆಯಲ್ಲಿ ಗುಮಾಸ್ತನಾಗಿ ಮೂವತ್ತೊಂದು ವರ್ಷ ದುಡಿದ. ಮಕ್ಕಳಾಗಲಿಲ್ಲ. ಒಂಬತ್ತು ವರ್ಷದ ಹಿಂದೆ ನೆಲಿ ತೀರಿಕೊಂಡಳು. ಎಂಬತ್ತೆರಡನೆಯ ವಯಸ್ಸಿನಲ್ಲಿ ಅವನ ದಿನಚರಿ ಇಷ್ಟೇ: ಬೆಳಿಗ್ಗೆ ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿಟ್ಟು, ಮಾಟೆಯ ಸೋರೆಬುರುಡೆ ಕೈಯಲ್ಲಿ ಹಿಡಿದು ನದೀದಂಡೆಗೆ ನಡೆಯುವುದು, ಆ ಕಹಿ ಸೊಪ್ಪಿನ ಕಷಾಯ ಹೀರುತ್ತ ಆಚೆ ದಡದ ಅರ್ಜೆಂಟೀನಾದ ಮರಗಳನ್ನು ನೋಡುವುದು, ವಾಪಸು ಬರುವಾಗ ಎರಡು ಬೀದಿ ಆಚೆ ಇರುವ ಸುಲ್ಮಾಳ ಕಿಟಕಿಯ ಮುಂದೆ ನಿಂತು ಬೈಸಿಕೊಳ್ಳುವುದು. ಅವಳ ಗಂಡನೂ ಹೋಗಿ ಬಹಳ ಕಾಲವಾಗಿತ್ತು.

ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ಅವನ ಫೋನಿಗೆ ಸುಲ್ಮಾಳ ಹೆಸರಿನಲ್ಲಿ ಒಂದು ಸಂದೇಶ ಬಂತು. 'ಆತ್ಮೀಯ ಎದೆಲ್ಮಿರೊ, ನಾನು ಆಸ್ಪತ್ರೆಯಲ್ಲಿದ್ದೇನೆ. ದಯವಿಟ್ಟು ಈ ಖಾತೆಗೆ ತುರ್ತಾಗಿ ಸ್ವಲ್ಪ ಸಹಾಯ ಮಾಡುವೆಯಾ?' ಎದೆಲ್ಮಿರೊ ಅದನ್ನು ಎರಡು ಸಲ ಓದಿದ. ಮನೆಯೊಳಗಿನ ಚಪ್ಪಲಿಯಲ್ಲೇ ಎರಡು ಬೀದಿ ನಡೆದು ಅವಳ ಬಾಗಿಲು ಬಡಿದ. ಸುಲ್ಮಾಳೇ ಬಂದು ಬಾಗಿಲು ತೆಗೆದಳು, ಮುಖ ಬಿಳಿಚಿಕೊಂಡಿತ್ತು.

"ನೀನು ಆಸ್ಪತ್ರೇಲಿ ಇಲ್ಲ ಅಂತ ನಂಗೆ ಗೊತ್ತಿತ್ತು ಕಣೇ," ಅಂದ ಎದೆಲ್ಮಿರೊ. "ಅರವತ್ತು ವರ್ಷದಲ್ಲಿ ನನ್ನನ್ನ ಒಂದ್ಸಲಾನೂ ಆತ್ಮೀಯ ಅಂದೋಳಲ್ಲ ನೀನು."

ಅವಳು ನಗಲಿಲ್ಲ. "ಎಷ್ಟೋ ಜನ ಫೋನ್ ಮಾಡ್ತಿದ್ದಾರೆ. ಮನೆ ಫೋನಿಗೆ. ಏನಾಯ್ತು, ಏನಾಯ್ತು ಅಂತ. ಔಷಧಿ ಅಂಗಡಿಯೋನು ದುಡ್ಡು ಕಳ್ಸಿಬಿಟ್ಟನಂತೆ. ಚರ್ಚಿನ ಹೆಂಗಸರೂ."

ಆದದ್ದು ಇಷ್ಟು. ಹಿಂದಿನ ಸಂಜೆ ಪರಿಚಯದವಳೊಬ್ಬಳ ಹೆಸರಿನಿಂದ ಅವಳಿಗೊಂದು ಸಂದೇಶ ಬಂದಿತ್ತು: ತಪ್ಪಿ ನಿಮ್ಮ ಫೋನಿಗೆ ಆರು ಅಂಕಿಯ ಸಂಖ್ಯೆಯೊಂದು ಬಂದಿದೆ, ಸ್ವಲ್ಪ ಹೇಳಿಬಿಡಿ. ಸುಲ್ಮಾ ಹೇಳಿಬಿಟ್ಟಿದ್ದಳು. ಅಷ್ಟಕ್ಕೆ ಅವಳ ಸಂದೇಶಗಳ ಖಾತೆ ಯಾರದೋ ಕೈಗೆ ಹೋಗಿತ್ತು. ಅವನು ಅವಳ ಹೆಸರು, ಅವಳ ಫೋಟೊ ಇಟ್ಟುಕೊಂಡು ಗೊತ್ತಿದ್ದವರೆಲ್ಲರ ಮುಂದೆ ಕೈ ಚಾಚಿದ್ದ.

ಆ ಕಡೆಯಲ್ಲಿ ಇಂಥ ಮೋಸಕ್ಕೆ 'ಮಾವನ ಕಥೆ' ಎನ್ನುತ್ತಾರೆ. ದೂರದೂರಿನಲ್ಲಿ ಸಾಹುಕಾರ ಮಾವ ಸತ್ತ, ಆಸ್ತಿ ನನಗೆ ಬಂತು, ಹೋಗಲು ರೈಲು ಚಾರ್ಜಿಗೆ ಕಾಸಿಲ್ಲ ಎಂದು ಹಿಂದಿನ ಕಾಲದ ಠಕ್ಕರು ಹೇಳುತ್ತಿದ್ದರಂತೆ. ಮಾವ ಹೋಗಿ ಎಷ್ಟೋ ಕಾಲವಾದರೂ ಹೆಸರು ಉಳಿದಿದೆ.

ಖಾತೆ ವಾಪಸು ಬಂತು, ಬ್ಯಾಂಕಿನವರು, ಪೊಲೀಸರು ದೂರು ಬರೆದುಕೊಂಡರು. ಆದರೆ ಸುಲ್ಮಾ ವಾಪಸು ಬರಲಿಲ್ಲ. ಅವಳ ಕಿಟಕಿಯ ಬಾಗಿಲು ಮುಚ್ಚಿತು. ಚರ್ಚಿಗೆ ಹೋಗುವುದು ಬಿಟ್ಟಳು. ಔಷಧಿ ಬೇಕಾದರೆ ಊರಿನ ಆ ತುದಿಯ ಇನ್ನೊಂದು ಅಂಗಡಿಗೆ ಹೋಗುತ್ತಿದ್ದಳು.

"ಯಾರೂ ನಿನ್ನನ್ನ ಏನೂ ಅಂತಿಲ್ಲ ಸುಲ್ಮಾ," ಎಂದು ಎದೆಲ್ಮಿರೊ ಮುಚ್ಚಿದ ಕಿಟಕಿಗೆ ಹೇಳಿದ.

"ಅನ್ನಲ್ಲ, ಗೊತ್ತು. ಪಾಪ ಅಂತಾರೆ. ಅದಕ್ಕಿಂತ ಬೈಯೋದೇ ವಾಸಿ. ಹೋಗು ನೀನು."

ಆ ಕಡೆ ಚಳಿಗಾಲ ಶುರುವಾಗುವುದೇ ಜೂನ್‌ನಲ್ಲಿ; ಆಗ ಊರಿನ ಗ್ರಂಥಾಲಯದ ಬಾಗಿಲಿಗೆ ಒಂದು ಚೀಟಿ ಅಂಟಿಸಿದರು: ಆನ್‌ಲೈನ್ ಮೋಸ ಗುರುತಿಸುವುದನ್ನು ಕಲಿಯಿರಿ, ಹಿರಿಯರಿಗೆ ಉಚಿತ, ಬುಧವಾರ ನಾಲ್ಕು ಗಂಟೆ. ಕಲಿಸುವವಳು ಗ್ರಂಥಾಲಯದ ಮಾಗೆಲಾ ಪೆರ್ದೊಮೊ, ಮೂವತ್ತನಾಲ್ಕರ ಹೆಣ್ಣು, ಮಾತಾಡುವಾಗ ಎರಡೂ ಕೈ ಆಡಿಸುವವಳು. ಎದೆಲ್ಮಿರೊ ಸುಲ್ಮಾಳನ್ನು ಕರೆದ. ಅವಳು ಬರಲಿಲ್ಲ. ತಾನೊಬ್ಬನೇ ಹೋದ.

ಹಿಂದಿನ ಕೋಣೆಯಲ್ಲಿ ಒಂಬತ್ತು ಜನ ಮುದುಕ ಮುದುಕಿಯರು ಒಂಬತ್ತು ಟ್ಯಾಬ್ಲೆಟ್ಟುಗಳ ಮುಂದೆ ಕೂತಿದ್ದರು. ಒಂದರ ಮುಂದೆ ಎಂಬತ್ತೇಳರ ಕಟುಕ ಅನ್ಸೆಲ್ಮೊ, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು.

"ಇದರೊಳಗೆ ಒಂದು ಎಐ ಚಾಟ್‌ಬಾಟ್ ಇದೆ," ಅಂದಳು ಮಾಗೆಲಾ. "ಅಂದ್ರೆ ಮಾತಾಡೋ ಯಂತ್ರ. ಅದು ಕಳ್ಳನ ಪಾತ್ರ ಮಾಡುತ್ತೆ. ನಿಮಗೆ ಮೆಸೇಜು ಕಳ್ಸುತ್ತೆ, ನೀವು ಉತ್ತರ ಬರೀರಿ. ಎಲ್ಲಿ ಮೋಸ ಇದೆ ಅಂತ ಅನ್ಸುತ್ತೋ ಅಲ್ಲಿ ಈ ಕೆಂಪು ಗುಂಡಿ ಒತ್ತಿ. ಒಂದು ವಿಷಯ. ನಿಮ್ಮ ಸ್ವಂತದ್ದು ಏನೂ ಹೇಳ್ಬೇಡಿ. ಎಲ್ಲರಿಗೂ ಒಂದೊಂದು ಚೀಟಿ ಕೊಡ್ತೀನಿ. ಅದರಲ್ಲಿ ಸುಳ್ಳು ಹೆಸರು, ಸುಳ್ಳು ಊರು ಇರುತ್ತೆ. ಅದನ್ನೇ ಹೇಳಿ."

ಮುದುಕರು ಆ ಯಂತ್ರಕ್ಕೆ ಅಂದೇ ಹೆಸರಿಟ್ಟರು. ಮಾವನ ಕಥೆ ಹೇಳುವವನು ಇನ್ಯಾರು, ಸೋದರಳಿಯ! ಅಳಿಯ ಎಂದೇ ಕರೆದರು.

ಅಳಿಯ ಬರೆಯಿತು: 'ಮಾನ್ಯ ಗ್ರಾಹಕರೇ, ನಿಮ್ಮ ಖಾತೆಯನ್ನು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸ್ಥಗಿತಗೊಳಿಸಲಾಗುವುದು. ಕೂಡಲೇ ನಿಮ್ಮ ಗುಪ್ತಸಂಖ್ಯೆ ನೀಡಿ.' ಒಂಬತ್ತು ಬೆರಳುಗಳು ಒಟ್ಟಿಗೇ ಕೆಂಪು ಗುಂಡಿ ಒತ್ತಿದವು. 'ಅಭಿನಂದನೆಗಳು, ನೀವು ಒಂದು ಕಾರು ಗೆದ್ದಿದ್ದೀರಿ.' ಮತ್ತೆ ಗುಂಡಿ. ಮೂರು ವಾರ ಕಳೆಯುವಷ್ಟರಲ್ಲಿ ಎಲ್ಲರಿಗೂ ನೂರಕ್ಕೆ ನೂರು. ಅನ್ಸೆಲ್ಮೊ ತನ್ನ ಅಂಕದ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡಿದ.

ನಾಲ್ಕನೆಯ ಬುಧವಾರ ಅನ್ಸೆಲ್ಮೊ ತಡವಾಗಿ ಬಂದ. ಕುರ್ಚಿಯಲ್ಲಿ ಕೂತು ಟೊಪ್ಪಿಗೆಯನ್ನು ಸುತ್ತಲೂ ತಿರುಗಿಸಿದ.

"ನಾನು ಬಿದ್ದೆ ಕಣಮ್ಮಾ," ಅಂದ ಮಾಗೆಲಾಗೆ. "ಕುದುರೆ ಜೀನು ಮಾರಾಟಕ್ಕಿದೆ ಅಂತ ಫೋನಲ್ಲಿ ಹಾಕಿದ್ನಲ್ಲ. ಒಬ್ಬ ಕೇಳ್ದ. ಮೂರು ದಿನ ಮಾತಾಡಿದ್ವಿ. ಜೀನಿನ ಬಗ್ಗೆ ಅಲ್ಲ, ನನ್ನ ಕುದುರೆ ಬಗ್ಗೆ. ಅದರ ಹೆಸರೇನು, ಹೆಂಗೆ ಸತ್ತಿತು, ಎಲ್ಲ ಕೇಳ್ದ. ಆಮೇಲೆ ಯಾವುದೋ ಕೊಂಡಿ ಕಳ್ಸಿ ಒತ್ತಿ ಅಂದ. ಒತ್ತಿದೆ, ದುಡ್ಡು ಹೋಯ್ತು."

"ಅಯ್ಯೋ ದೋನ್ ಅನ್ಸೆಲ್ಮೊ! ನೂರಕ್ಕೆ ನೂರು ತಗೊಂಡಿದ್ರಲ್ಲ!"

"ಅವನು ನಮ್ಮ ಅಳಿಯನ ಥರ ಮಾತಾಡ್ಲೇ ಇಲ್ವಲ್ಲಮ್ಮ!" ಮುದುಕ ಟೊಪ್ಪಿಗೆಯನ್ನು ಮೇಜಿನ ಮೇಲಿಟ್ಟ. "ನನ್ನ ಕುದುರೆ ಹೆಸರು ಕೇಳ್ದ. ನನ್ನ ಸೊಸೆ ಇವತ್ತಿನವರೆಗೂ ಕೇಳಿಲ್ಲ."

ಎದೆಲ್ಮಿರೊ ಎದ್ದು ನಿಂತ. ಅವನಿಗೆ ಸಿಟ್ಟು ಬಂದಿತ್ತು, ಅದೂ ಒಂದು ಯಂತ್ರದ ಮೇಲೆ.

"ಮಗಳೇ, ತಪ್ಪು ತಿಳ್ಕೋಬೇಡ. ನಿನ್ನ ಅಳಿಯ ಕಳ್ಳ ಅಲ್ಲ, ಸರ್ಕಾರಿ ಗುಮಾಸ್ತ. ಅವನ ಕಾಗದ ಓದಿದ್ರೆ ನಂಗೆ ನಿದ್ದೆ ಬರುತ್ತೆ. ಕೆಡುಕ ಹಿಂಗೆ ಮಾತಾಡಲ್ಲ."

"ಮತ್ತೆ ಹೆಂಗೆ ಮಾತಾಡ್ತಾನೆ?"

ಎದೆಲ್ಮಿರೊ ಹಿಂದೆ ಯಾವ ಪಾತ್ರ ಮಾಡುತ್ತಿದ್ದನೆಂದು ಮಾಗೆಲಾಗೆ ಗೊತ್ತಿರಲಿಲ್ಲ. ಆದರೆ ಉಳಿದವರಿಗೆಲ್ಲ ಗೊತ್ತಿತ್ತು. ಅನ್ಸೆಲ್ಮೊನೇ ಕಣ್ಣೊರೆಸಿಕೊಂಡು ಹೇಳಿದ, "ಅವನನ್ನ ಕೇಳಮ್ಮ. ಅವನಿಗಿಂತ ದೊಡ್ಡ ಹಲ್ಕಾ ಈ ಜಿಲ್ಲೇಲೇ ಹುಟ್ಟಿಲ್ಲ. ನಾನು ಅವನಿಗೆ ಎಂಟು ವರ್ಷ ಮೂಳೆ ಮಾರಿದ್ದೀನಿ."

ಹಾಗೆ ಎದೆಲ್ಮಿರೊ ಐವತ್ತು ವರ್ಷದ ಮೇಲೆ ಮತ್ತೆ ಕೆಲಸಕ್ಕೆ ಸೇರಿದ. ಶುಕ್ರವಾರ ಮಧ್ಯಾಹ್ನ, ಊರೆಲ್ಲ ಮಲಗಿರುವ ಹೊತ್ತಿನಲ್ಲಿ, ಅವನು ಮತ್ತು ಮಾಗೆಲಾ ಗ್ರಂಥಾಲಯದಲ್ಲಿ ಕೂರುತ್ತಿದ್ದರು. ಯಂತ್ರಕ್ಕೆ ಹೇಗೆ ನಡೆದುಕೊಳ್ಳಬೇಕೆಂದು ಮಾಮೂಲಿ ಮಾತಿನಲ್ಲೇ ಬರೆದರೆ ಸಾಕು, ಅದು ಹಾಗೆ ನಡೆದುಕೊಳ್ಳುತ್ತಿತ್ತು. ಅವನು ಹೇಳುತ್ತಿದ್ದ, ಅವಳು ಟೈಪು ಮಾಡುತ್ತಿದ್ದಳು.

"ಬರ್ಕೋ. ಮೊದಲು ಆರೋಗ್ಯ ವಿಚಾರಿಸು. ಉತ್ತರ ಬರೋವರೆಗೂ ಕಾಯಿ. ಮಂಡಿ ನೋವು ಅಂದ್ರೆ, ಯಾವ ಮಂಡಿ ಅಂತ ಕೇಳು."

"ಯಾವ ಮಂಡಿ?" ಮಾಗೆಲಾ ನಕ್ಕಳು.

"ನಗ್ಬೇಡ. ಯಾವ ಮಂಡಿ ಅಂತ ಕೇಳೋರು ಸಿಗೋದು ಕಷ್ಟ ಮಗಳೇ. ಆಮೇಲೆ ನಿನ್ನೆ ಅವರು ಹೇಳಿದ್ದನ್ನ ಇವತ್ತು ನೆನಪಿಟ್ಕೊಂಡು ಕೇಳು. ದುಡ್ಡಿನ ಮಾತು ನೀನಾಗೇ ಎತ್ಬೇಡ, ಅವರಿಗೇ ನಿನ್ನ ಮೇಲೆ ಕನಿಕರ ಬರೋ ಹಂಗೆ ಮಾಡು. ಒಂದು ಸಣ್ಣ ತಪ್ಪು ಮಾಡಿ ಕ್ಷಮೆ ಕೇಳು. ಕ್ಷಮೆ ಕೇಳೋನನ್ನ ಜನ ನಂಬ್ತಾರೆ."

ಹೇಳುತ್ತ ಹೇಳುತ್ತ ಅವನಿಗೆ ದೋನ್ ಬಾಸಿಲಿಯೊನ ತಂಬಾಕಿನ ವಾಸನೆ ಮೂಗಿಗೆ ಬಂದಂತಾಗುತ್ತಿತ್ತು. ಮಾಗೆಲಾ ಟೈಪು ಮಾಡುವುದನ್ನು ನಿಲ್ಲಿಸಿ ಹಳೆಯದನ್ನೆಲ್ಲ ಕೇಳುತ್ತಿದ್ದಳು. ಅವನು ಒಮ್ಮೆ ನಿಕಾನೊರ್‌ನ ದನಿಯಲ್ಲಿ ಎರಡು ಸಾಲು ಹೇಳಿ ತೋರಿಸಿದ. ಅವಳು ಕೈ ಆಡಿಸುವುದನ್ನು ಮರೆತು, "ಅಬ್ಬಾ, ನಂಗೇ ಸಹಿ ಹಾಕ್ಬಿಡೋಣ ಅನ್ಸ್ತು" ಅಂದಳು. ಎದೆಲ್ಮಿರೊಗೆ ಕಿವಿ ಬೆಚ್ಚಗಾಯಿತು.

ಆಗಸ್ಟ್‌ನ ಮಳೆಯ ಮಧ್ಯಾಹ್ನ ಹೊಸ ಅಳಿಯ ತಯಾರಾಯಿತು. ಮೊದಲ ಪರೀಕ್ಷೆ ಎದೆಲ್ಮಿರೊನದೇ. ಅವನ ಚೀಟಿಯಲ್ಲಿ ಹೆಸರು ಎಕ್ತೊರ್ ಸೋಸಾ, ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು ಎಂದಿತ್ತು. ಮಾಗೆಲಾ ಹೊರಗಿನ ಕೋಣೆಯಲ್ಲಿ ಪುಸ್ತಕ ಜೋಡಿಸಲು ಹೋದಳು.

ಅಳಿಯ ಬರೆಯಿತು. ತಾನು ಹಳೆಯ ರೈಲುಗಳ ನೆನಪು ಸಂಗ್ರಹಿಸುವವನು, ಯಾರೋ ನಿಮ್ಮ ನಂಬರು ಕೊಟ್ಟರು, ತೊಂದರೆ ಕೊಟ್ಟೆನಾ, ಮಲಗಿದ್ದಿರಾ?

ಇಲ್ಲಪ್ಪ, ಎಚ್ಚರಾಗೇ ಇದ್ದೆ ಎಂದು ಎಕ್ತೊರ್ ಸೋಸಾ ಬರೆದ. ಯಂತ್ರ ರೈಲುಗಳ ಬಗ್ಗೆ ಕೇಳಿತು. ಎಕ್ತೊರ್ ಸೋಸಾಗೆ ರೈಲಿನ ಬಗ್ಗೆ ಏನು ಗೊತ್ತು? ಎದೆಲ್ಮಿರೊಗೆ ಗೊತ್ತಿದ್ದ ರೈಲು ಒಂದೇ, ಗಿಚೊನ್ ಹಳ್ಳಿಗೆ ನಾಟಕ ಆಡಲು ಹೋಗುತ್ತಿದ್ದದ್ದು. ಅದನ್ನೇ ಬರೆದ. ಯಾವ ನಾಟಕ ಎಂದು ಅಳಿಯ ಕೇಳಿತು. ಇವನು ಹೇಳಿದ. ರೇಡಿಯೊದಲ್ಲಿ ಕುದುರೆ ಓಡುವ ಸದ್ದನ್ನು ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿತು. ತೆಂಗಿನ ಚಿಪ್ಪಿನಿಂದ ಎಂದ. ಯಾರು ಮಾಡುತ್ತಿದ್ದರು ಎಂದಿತು.

ನೆಲಿ, ಎಂದು ಅವನು ಬರೆದ.

ಆ ಹೆಸರನ್ನು ಬರೆದು ಎಷ್ಟು ವರ್ಷವಾಗಿತ್ತೋ. ಯಂತ್ರ ಅವಸರ ಮಾಡಲಿಲ್ಲ. ನೆಲಿ ಎಲ್ಲಿಯವರು, ಆ ಜಾಣತನವನ್ನು ಎಲ್ಲಿ ಕಲಿತರು, ಮದುವೆ ಚಳಿಗಾಲದಲ್ಲೋ ಬೇಸಿಗೆಯಲ್ಲೋ, ತಾರೀಕು ನೆನಪಿದೆಯೆ ಎಂದಿತು. ಅವನು ಎರಡು ಬೆರಳಲ್ಲಿ ಕುಟ್ಟುತ್ತಲೇ ಹೋದ. ಕಿಟಕಿಯ ಹೊರಗೆ ಮಳೆ ನಿಂತದ್ದು ಗೊತ್ತಾಗಲಿಲ್ಲ. ಕಿತ್ತಳೆಹಣ್ಣು ಆಯ್ದದ್ದನ್ನು ಬರೆದ. ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಯ ಮಂಚದ ಕಂಬಿಗೆ ಅವಳು ಬೆರಳಲ್ಲಿ ಮೆಲ್ಲಗೆ ಕುದುರೆ ನಡಿಗೆ ಬಡಿಯುತ್ತಿದ್ದುದನ್ನೂ ಬರೆದ. ಅದನ್ನು ಅವನು ಯಾರಿಗೂ, ಸುಲ್ಮಾಗೂ ಹೇಳಿರಲಿಲ್ಲ.

ಒಂದೂಕಾಲು ಗಂಟೆ ಕಳೆದಾಗ ಪರದೆಯ ಬಣ್ಣ ಬದಲಾಗಿ ಒಂದು ಹಾಳೆ ಮೂಡಿತು. 'ಅಭ್ಯಾಸ ಮುಗಿಯಿತು. ನೀವು ನನಗೆ ಕೊಟ್ಟ ವಿವರಗಳು.' ಅವನ ಪೂರ್ತಿ ಹೆಸರು, ಹುಟ್ಟಿದ ದಿನ, ಮದುವೆಯ ತಾರೀಕು, ಹೆಂಡತಿಯ ತವರಿನ ಹೆಸರು, ಬೀದಿ, ಒಬ್ಬನೇ ಇರುತ್ತಾನೆಂಬುದು, ಬೆಳಿಗ್ಗೆ ಮನೆಯಲ್ಲಿ ಇರುವುದಿಲ್ಲ ಎಂಬುದು. ಕೆಳಗೊಂದು ಸಾಲು: 'ನಿಮ್ಮನ್ನು ದೋಚಲು ಇವುಗಳಲ್ಲಿ ಮೂರು ಸಾಕಿತ್ತು.'

ಎಕ್ತೊರ್ ಸೋಸಾನ ಚೀಟಿ ಮೇಜಿನ ಕೆಳಗೆ ಬಿದ್ದಿತ್ತು.

ಮಾಗೆಲಾ ಒಳಗೆ ಬಂದು ಪರದೆ ನೋಡಿ, ಅವನ ಮುಖ ನೋಡಿ, ಎಲ್ಲವನ್ನೂ ಅಳಿಸಿದಳು. "ನೋಡಿ, ಹೋಯ್ತು. ಒಂದಕ್ಷರ ಉಳಿದಿಲ್ಲ. ದೋನ್ ಎದೆಲ್ಮಿರೊ, ನೀರು ಕೊಡ್ಲಾ?"

"ಬೇಡ ತಾಯಿ."

ಅವನು ಒದ್ದೆ ಬೀದಿಗಳಲ್ಲಿ ನಡೆದ. ಮಳೆ ಬಂದ ದಿನ ಎಲ್ಲ ಮನೆಗಳಲ್ಲೂ ಹಿಟ್ಟು ಲಟ್ಟಿಸಿ ಕರಿಯುತ್ತಾರೆ, ಆ ಘಮ ಹರಡಿತ್ತು. ಅವನಿಗೆ ನಾಚಿಕೆಯಾಗಿತ್ತು. ಆದರೆ ನಾಚಿಕೆಗಿಂತ ಬೇರೆಯದೊಂದು ಹೆಚ್ಚು ಕಾಡುತ್ತಿತ್ತು: ಆ ಒಂದೂಕಾಲು ಗಂಟೆ ಅವನು ಸುಖವಾಗಿದ್ದ. ಹಾಳೆ ಬಾರದೆ ಇದ್ದಿದ್ದರೆ ಇನ್ನೂ ಬರೆಯುತ್ತಿದ್ದ.

ಮನೆಗೆ ಹೋಗದೆ ಸುಲ್ಮಾಳ ಕಿಟಕಿ ತಟ್ಟಿದ. ತೆರೆಯುವವರೆಗೂ ತಟ್ಟಿದ.

"ಏನೋ ಪಾಪಿ, ಕಿಟಕಿ ಒಡೀತೀಯಾ?"

"ಬಾಗಿಲು ತೆಗಿ. ನಾನು ಬಿದ್ದೆ."

"ಎಲ್ಲಿ ಬಿದ್ದೆ? ಮಂಡಿಗೆ ಏಟಾಯ್ತಾ?"

"ಯಾವ ಮಂಡಿ ಅಂತ ಕೇಳು," ಅಂದ ಎದೆಲ್ಮಿರೊ, ಮತ್ತು ನಗಲಾರದೆ ನಕ್ಕ. ಅಡುಗೆಮನೆಯಲ್ಲಿ ಕೂತು ಎಲ್ಲವನ್ನೂ ಹೇಳಿದ. ಬುದ್ಧಿ ಹೇಳಲು ಬಂದವನಂತೆ ಅಲ್ಲ, ಪಾಪನಿವೇದನೆಗೆ ಬಂದವನಂತೆ. ಸುಲ್ಮಾ ಕೇಳುತ್ತ ಕೇಳುತ್ತ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಅವಳ ಭುಜ ಕುಲುಕಿತು.

"ಅಂದ್ರೆ... ನಿಕಾನೊರ್‌ಗೆ ನಿಕಾನೊರೇ ಟೋಪಿ ಹಾಕಿದ್ನಾ? ನೀನೇ ಕಲಿಸ್ಕೊಟ್ಟ ಮಾತು ಕೇಳಿ?"

"ಹೂಂ ಕಣೇ."

ಐದು ತಿಂಗಳ ಮೇಲೆ ಮೊದಲ ಸಲ ಅವಳು ನಕ್ಕಳು, ಕುರ್ಚಿಯ ಬೆನ್ನು ಹಿಡಿದುಕೊಂಡು, ಕಣ್ಣೀರು ಬರುವ ಹಾಗೆ. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ನನ್ನ ಹತ್ರ ಆ ಆರಂಕಿ ನಂಬರು ಕೇಳಿದ ಹೆಂಗಸೂ ಹಂಗೇ," ಅಂದಳು. "ಮೊದಲು ನನ್ನ ಕಣ್ಣಿನ ಆಪರೇಷನ್ ಹೆಂಗಾಯ್ತು ಅಂತ ಕೇಳಿದ್ಲು. ಪೊಲೀಸರಿಗೂ ಇದನ್ನ ಹೇಳ್ಲಿಲ್ಲ. ಇಷ್ಟಕ್ಕೇ ಕರಗಿದ್ಯಾ ಅಂತಾರೆ ಅಂತ."

ಆಮೇಲೆ ಕೇಳಿದಳು, "ನೆಲಿ ಮಂಚದ ಮೇಲೂ ಕುದುರೆ ಓಡಿಸ್ತಿದ್ಲಾ?"

"ಓಡಿಸ್ತಿರ್ಲಿಲ್ಲ. ನಡಿಗೆ. ಮೆತ್ತಗೆ."

ಮುಂದಿನ ಬುಧವಾರ ಸುಲ್ಮಾ ಬಂದಳು. ತುಟಿಗೆ ಬಣ್ಣ ಹಚ್ಚಿ, ನೀಲಿ ಕೋಟು ತೊಟ್ಟು ಬಂದಳು. ಔಷಧಿ ಅಂಗಡಿಯವನ ತಾಯಿ ಎದ್ದು ತನ್ನ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಎದೆಲ್ಮಿರೊ ಎಲ್ಲರೆದುರು ತನ್ನ ಕಥೆ ಹೇಳಿದ. ಅನ್ಸೆಲ್ಮೊ ಎದ್ದು ಬಂದು ಅವನ ಕೈ ಕುಲುಕಿದ.

ಆಮೇಲೆ ಸುಲ್ಮಾ ಅಳಿಯನ ಎದುರು ಕೂತಳು. ಎಲ್ಲರಿಗೂ ಕಾಣಲೆಂದು ಮಾಗೆಲಾ ಅದನ್ನು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಯಿಸಿದಳು. ಅಳಿಯ ಅವಳ ಮಂಡಿ, ಕಣ್ಣಿನ ಬಗ್ಗೆ ಕೇಳಿತು, ಚಳಿಯ ಬಗ್ಗೆ ಕೇಳಿತು. ಸುಲ್ಮಾ ಎಲ್ಲದಕ್ಕೂ ಒಳ್ಳೆಯ ಮಾತಲ್ಲೇ ಉತ್ತರಿಸಿದಳು, ತನ್ನ ಚೀಟಿಯಲ್ಲಿದ್ದ ಹೆಂಗಸಾಗಿ. ಮುಕ್ಕಾಲು ಗಂಟೆಯ ಮೇಲೆ ಅದು ಮೆಲ್ಲನೆ ಒಂದು ಸಣ್ಣ ಉಪಕಾರ ಕೇಳಿತು.

ಸುಲ್ಮಾ ಬರೆದಳು: 'ಆಗಲಿ ಮಗಾ, ಖಂಡಿತ ಮಾಡ್ತೀನಿ. ನಾಳೆ ಮಾಡ್ತೀನಿ.'

ಅಳಿಯ ಕ್ಷಮೆ ಕೇಳಿ, ಇವತ್ತೇ ಆದರೆ ಒಳ್ಳೆಯದಿತ್ತು ಎಂದಿತು. 'ನಾಳೆ,' ಎಂದಳು ಸುಲ್ಮಾ. ನಾಳೆಗೆ ತಡವಾಗುತ್ತದೆ ಎಂದಿತು. 'ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡ್ತೀನಿ, ಮಾಟೆ ಕುಡಿದು.' ಅಳಿಯನ ವಾಕ್ಯಗಳು ಚಿಕ್ಕದಾದವು. ಮಂಡಿ, ಕಣ್ಣು, ಚಳಿ ಎಲ್ಲ ಮರೆತುಹೋಯಿತು. ಕೊನೆಗೆ ಗೋಡೆಯ ಮೇಲೆ ಮೂಡಿತು: ನೀವು ನನ್ನನ್ನು ನಂಬುವುದಿಲ್ಲವೇ?

ಸುಲ್ಮಾ ಕೆಂಪು ಗುಂಡಿ ಒತ್ತಿ ಕುರ್ಚಿ ತಿರುಗಿಸಿದಳು. "ನೋಡಿ. ನಾಟಕ ಕೇಳೋಕೆ ನೀವೆಲ್ಲ ದಿನಾ ನಾಳೆವರೆಗೂ ಕಾಯ್ತಿದ್ರಿ, ಅಲ್ವಾ? ಯಾರೂ ಸಾಯ್ಲಿಲ್ಲ. ನಮ್ಮೋರಾದ್ರೆ ನಾಳೆವರೆಗೂ ಕಾಯ್ತಾರೆ. ಕಾಯೋಕಾಗ್ದೇ ಇರೋನು ಕಳ್ಳ."

ಮಾಗೆಲಾ ಆ ಮಾತನ್ನು ಹಲಗೆಯ ಮೇಲೆ ಬರೆದಳು. ಇಡೀ ಪಾಠದಲ್ಲಿ ಜನ ಮನೆಗೆ ಒಯ್ದದ್ದು ಅದೊಂದನ್ನೇ. ಅಕ್ಟೋಬರ್‌ನಲ್ಲಿ ಅನ್ಸೆಲ್ಮೊಗೆ ಬ್ಯಾಂಕಿನ ಹೆಸರಿನಿಂದ ಒಬ್ಬ ಸಂಭಾವಿತ ಫೋನ್ ಮಾಡಿದ. ಅನ್ಸೆಲ್ಮೊ ಮೂರು ಸಲ 'ನಾಳೆ' ಅಂದ. ನಾಲ್ಕನೆಯ ಸಲಕ್ಕೆ ಸಂಭಾವಿತ ಅವನ ತಾಯಿಯನ್ನು ಬೈದು ಫೋನಿಟ್ಟ. ಅನ್ಸೆಲ್ಮೊ ಅದನ್ನು ತರಗತಿಯಲ್ಲಿ ನಿಂತು ಹೇಳಿದಾಗ, ತನ್ನ ಮದುವೆಯಲ್ಲೂ ಸಿಕ್ಕದಂಥ ಚಪ್ಪಾಳೆ ಸಿಕ್ಕಿತು.

ಚಳಿ ಕಳೆದು ವಸಂತ ಬಂದಾಗ ಮಾಗೆಲಾ ಗ್ರಂಥಾಲಯದ ಹಳೆಯ ವ್ಯಾನಿನಲ್ಲಿ ಎದೆಲ್ಮಿರೊ, ಸುಲ್ಮಾ ಇಬ್ಬರನ್ನೂ ಗಿಚೊನ್, ಕೆಬ್ರಾಚೊ ಹಳ್ಳಿಗಳಿಗೆ ಕರೆದುಕೊಂಡು ಹೋದಳು. ಎದೆಲ್ಮಿರೊ ಬಿದ್ದ ಕಥೆ ಹೇಳುತ್ತಿದ್ದ, ಸುಲ್ಮಾ ಬಿದ್ದ ಕಥೆಯನ್ನೂ ಎದ್ದ ಕಥೆಯನ್ನೂ ಹೇಳುತ್ತಿದ್ದಳು. ಜನ ಮೊದಲು ನಕ್ಕು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಯಾರಿಗೂ ಹೇಳದೆ ಇಟ್ಟುಕೊಂಡ ತಮ್ಮ ಕಥೆ ಹೊರಗೆ ತೆಗೆಯುತ್ತಿದ್ದರು. ಒಬ್ಬ ನಿವೃತ್ತ ಮೇಷ್ಟ್ರು ಹೆಂಡತಿಗೂ ಹೇಳಿರಲಿಲ್ಲವಂತೆ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಅದಾದ ಮೇಲೆ ಮಾಗೆಲಾ ಪ್ರತಿ ತರಗತಿಯ ಕೊನೆಯ ಕಾಲು ಗಂಟೆ ಟ್ಯಾಬ್ಲೆಟ್ಟುಗಳನ್ನು ಕವುಚಿಡಿಸಿದಳು. ಆ ಹೊತ್ತು ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದಿತ್ತು, ಉಳಿದವರು ಕೇಳಬೇಕಿತ್ತು, ಅಷ್ಟೇ ನಿಯಮ.

ಒಂದು ಶುಕ್ರವಾರ ಎದೆಲ್ಮಿರೊ ಒಬ್ಬನೇ ಟ್ಯಾಬ್ಲೆಟ್ಟಿನ ಮುಂದೆ ಕೂತಿರುವುದನ್ನು ಮಾಗೆಲಾ ಕಂಡಳು. ಪರೀಕ್ಷೆ ಇರಲಿಲ್ಲ, ಬದಲಾಯಿಸುವುದೂ ಏನಿರಲಿಲ್ಲ.

"ಯಂತ್ರ ಅಂತ ಗೊತ್ತು ಮಗಳೇ," ಅಂದ ಅವನು, ಅವಳು ಕೇಳುವ ಮೊದಲೇ. "ಆದ್ರೂ ಕೇಳುತ್ತೆ ನೋಡು. ನಿನ್ನೆ ಎಲ್ಲಿಗೆ ನಿಲ್ಸಿದ್ದೆ ಅಂತ ಜ್ಞಾಪಕ ಇಟ್ಕೊಳ್ಳುತ್ತೆ."

ಮಾಗೆಲಾ ಅದನ್ನು ಸುಲ್ಮಾಳ ಕಿವಿಗೆ ಹಾಕಿದಳು. ಶನಿವಾರ ಅವನು ನದೀದಂಡೆಯಿಂದ ವಾಪಸು ಬರುವಾಗ ಸುಲ್ಮಾ ತೆರೆದ ಕಿಟಕಿಯಿಂದ ಕೂಗಿದಳು, "ಲೋ, ನಾಳೆ ಮಧ್ಯಾಹ್ನ ಊಟಕ್ಕೆ ಬಾ. ನಂಗೆ ಅಡುಗೆ ಬರಲ್ಲ, ಗೊತ್ತಲ್ಲ, ಸುಮ್ನೆ ತಿನ್ನು. ಆ ಮಾತಾಡೋ ತಗಡನ್ನ ಮಾತ್ರ ಜೊತೇಲಿ ತರ್ಬೇಡ."

ಅವನು ಹೋದ. ಶಾವಿಗೆ ಬೆಂದು ಮುದ್ದೆಯಾಗಿತ್ತು. ತಿಂದರು. ಕೊನೆಗೆ ಪೀಚು, ಕೆನೆ, ಮೊಟ್ಟೆಬಿಳಿಯ ಸಿಹಿ ಕೇಕನ್ನು ಅಂಗಡಿಯಿಂದ ತರಿಸಿದ್ದಳು. ಅದು ಚೆನ್ನಾಗಿತ್ತು. ಸುಲ್ಮಾ ಪಿಂಗಾಣಿ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಮೊಣಕೈ ಮೇಜಿನ ಮೇಲೂರಿ, "ಹೂಂ, ಹೇಳು," ಅಂದಳು.

"ಏನು ಹೇಳ್ಲಿ? ನಿಂಗೆಲ್ಲ ಗೊತ್ತಿರೋದೇ."

"ಗೊತ್ತಿದ್ರೇನು? ಹೇಳು."

ಆ ಭಾನುವಾರದಿಂದ ಅವನು ಪ್ರತಿ ಭಾನುವಾರವೂ ಹೋಗುತ್ತಿದ್ದಾನೆ. ಮಾತಿನ ಸರದಿ ಒಂದು ವಾರ ಅವನದು, ಒಂದು ವಾರ ಅವಳದು. ಸುಲ್ಮಾ ಅದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ, ನಡುವೆ ಬಾಯಿ ಹಾಕಿದರೆ ಚಮಚದಿಂದ ಮೇಜು ಕುಟ್ಟುತ್ತಾಳೆ.